ಸೂಟು ತೊಟ್ಟ ಕನ್ನಡಿಗ

ರಾಜ್‌ಕುಮಾರ್ ಅಭಿಮಾನಿಗಳು ಮಾತಿಗೆ ಕೂತರೆ ಮೊದಲು ಬಾಯಿಗೆ ಬರುವ ಹೆಸರುಗಳು ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’. ಸಿ.ಐ.ಡಿ. 999ರ ಸರದಿ ಬರುವುದು ಮಾತು ಮುಗಿಯುವ ಹೊತ್ತಿಗೆ, ಅದೂ ಒಂದು ನಗುವಿನೊಂದಿಗೆ. ಆ ನಗುವಿನಲ್ಲಿ ಅಕ್ಕರೆ ಇದೆ, ಸಣ್ಣ ಸಂಕೋಚವೂ ಇದೆ. ಎಷ್ಟಾದರೂ ಜೇಮ್ಸ್ ಬಾಂಡ್‌ನ ನಕಲು ತಾನೆ ಎಂಬ ಸಂಕೋಚ ಅದು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕನ್ನೂ ನಿರ್ದೇಶಿಸಿದವರು ದೊರೈ-ಭಗವಾನ್ ಜೋಡಿ, ನಾಲ್ಕರಲ್ಲೂ ರಾಜ್‌ಕುಮಾರ್ ಸಿ.ಐ.ಡಿ. 999 ಸಂಖ್ಯೆಯ ಗುಪ್ತಚರ ಪ್ರಕಾಶ್. ಈ ಚಿತ್ರಗಳ ಬಗ್ಗೆ ನಮಗೆ ಸಂಕೋಚ ಬೇಕಾಗಿಲ್ಲ ಎಂಬುದು ನನ್ನ ವಾದ. ಕನ್ನಡಿಗ ಆಧುನಿಕನಾಗಲು ತನ್ನತನ ಬಿಟ್ಟುಕೊಡಬೇಕಿಲ್ಲ ಎಂಬ ಮಾತನ್ನು ನಮ್ಮ ಚಿತ್ರರಂಗದಲ್ಲಿ ಬೇಗನೆ, ಯಾವ ಉಪದೇಶವೂ ಇಲ್ಲದೆ ಹೇಳಿದ್ದು ಈ ಸರಣಿ. ಅದರಿಂದ ನೆನಪಿನಲ್ಲಿ ಉಳಿದ ಗಳಿಗೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಹೊಡೆದಾಟ, ಬೆನ್ನಟ್ಟುವಿಕೆಗಿಂತ ಈ ಮಾತೇ ಎದ್ದು ಕಾಣುತ್ತದೆ.

ಮೊದಲಿಗೆ ಒಂದು ಅತಿಶಯೋಕ್ತಿಯನ್ನು ಬದಿಗಿಡಬೇಕು. ‘ಜೇಡರ ಬಲೆ’ಯೇ ಭಾರತದ ಮೊದಲ ಬಾಂಡ್ ಮಾದರಿಯ ಚಿತ್ರ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಬಾಂಡ್ ಚಿತ್ರಗಳಲ್ಲಿ ಮೊದಲನೆಯದಾದ ‘ಡಾಕ್ಟರ್ ನೋ’ ಬಂದದ್ದು 1962ರಲ್ಲಿ. ‘ಗೋಲ್ಡ್‌ಫಿಂಗರ್’, ‘ಥಂಡರ್‌ಬಾಲ್’ ಬರುವ ಹೊತ್ತಿಗೆ ಶಾನ್ ಕಾನರಿಯ ಗತ್ತು ನಮ್ಮ ಎಲ್ಲ ಭಾಷೆಗಳ ಚಿತ್ರರಂಗವನ್ನೂ ತಟ್ಟಿತ್ತು. ತೆಲುಗಿನಲ್ಲಿ 1966ರಲ್ಲೇ ಕೃಷ್ಣ ಅವರ ‘ಗೂಢಚಾರಿ 116’ ತೆರೆಗೆ ಬಂತು. ಅದೇ ಮರುವರ್ಷ ಜಿತೇಂದ್ರ ನಾಯಕನಾಗಿ ಹಿಂದಿಯಲ್ಲಿ ‘ಫರ್ಜ್’ ಆಯಿತು. ಹಾಗಾಗಿ ‘ಮೊದಲು’ ಎಂಬ ಪಟ್ಟಕ್ಕಾಗಿ ನಾವು ಗುದ್ದಾಡಬೇಕಾಗಿಲ್ಲ. ಕನ್ನಡಕ್ಕೆ ಬೇರೆಯೇ ಹೆಗ್ಗಳಿಕೆ ಇದೆ. ನಮ್ಮ ಓದುಗರ ಮನಸ್ಸನ್ನು ಪತ್ತೇದಾರಿ ಕಾದಂಬರಿಗಳು ಅದಾಗಲೇ ಹದಗೊಳಿಸಿದ್ದವು. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಬಾಡಿಗೆ ಪುಸ್ತಕದಂಗಡಿಗಳಿಂದ ಒಯ್ದು ಒಂದೇ ರಾತ್ರಿಯಲ್ಲಿ ಓದಿ ಮುಗಿಸುತ್ತಿದ್ದ ಪೀಳಿಗೆ ಅದು. ಅಲ್ಪ ಓದು ಬಲ್ಲವರನ್ನೂ ಪುಸ್ತಕಕ್ಕೆ ಎಳೆದ ಆ ಕಾದಂಬರಿಗಳಲ್ಲಿ ಪತ್ತೇದಾರ ಕನ್ನಡದ ಬೀದಿಗಳಲ್ಲೇ ಓಡಾಡುತ್ತಿದ್ದ, ಕನ್ನಡದಲ್ಲೇ ತರ್ಕಿಸುತ್ತಿದ್ದ. ತೆರೆಯ ಮೇಲೆ ಪ್ರಕಾಶ್ ಬಂದಾಗ ಪ್ರೇಕ್ಷಕರಿಗೆ ಅವನು ಲಂಡನ್ನಿನಿಂದ ಇಳಿದವನಂತೆ ಕಾಣದಿದ್ದುದಕ್ಕೆ ಈ ಓದಿನ ಅಡಿಪಾಯವೂ ಕಾರಣ.

ಇನ್ನು ನಾಯಕನ ವಿಷಯ. ಕಾನರಿ ಬಾಂಡ್ ಆಗುವ ಮುಂಚೆ ಜಗತ್ತಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಆ ಪಾತ್ರವೇ ಅವರನ್ನು ತಾರೆಯಾಗಿಸಿತು. ರಾಜ್‌ಕುಮಾರ್ ಕತೆ ತದ್ವಿರುದ್ಧ. 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು ಕನಕದಾಸ, ಹರಿಶ್ಚಂದ್ರ, ಮಂತ್ರಾಲಯದ ರಾಘವೇಂದ್ರಸ್ವಾಮಿ, ಇಮ್ಮಡಿ ಪುಲಿಕೇಶಿಯವರೆಗೆ ಅವರು ಭಕ್ತ, ಸಂತ, ಅರಸರನ್ನು ತೆರೆಗೆ ತಂದಿದ್ದರು. ಹಳ್ಳಿಯ ಜನ ಅವರ ಚಿತ್ರ ನೋಡಿ ಕೈಮುಗಿದು ಬರುತ್ತಿದ್ದ ಕಾಲ. ಅಂಥವರು ಕೋಟು ತೊಟ್ಟು, ಟೈ ಬಿಗಿದು, ಕೈಯಲ್ಲಿ ಪಿಸ್ತೂಲು ಹಿಡಿದು ಬರುವುದು ಸಣ್ಣ ಸಾಹಸವಾಗಿರಲಿಲ್ಲ. ಪ್ರೇಕ್ಷಕ ಒಪ್ಪದಿದ್ದರೆ ಹದಿನಾಲ್ಕು ವರ್ಷ ಕಟ್ಟಿದ ಭಕ್ತಿಯ ಬಿಂಬಕ್ಕೇ ಪೆಟ್ಟು ಬೀಳುತ್ತಿತ್ತು. ಪ್ರೇಕ್ಷಕ ಒಪ್ಪಿದ, ಒಪ್ಪಿದ್ದಷ್ಟೇ ಅಲ್ಲ, ಅದೇ ವರ್ಷ ಎರಡನೆಯ ಚಿತ್ರವನ್ನೂ ನೋಡಿದ. ಸರಣಿಯ ನಿಜವಾದ ಮೊದಲ ಸ್ಮರಣೀಯ ಗಳಿಗೆ ಎಂದರೆ ಈ ಒಪ್ಪಿಗೆಯೇ. ಸಂತನ ಪಾತ್ರದಲ್ಲಿ ಕಂಡಿದ್ದ ಮುಖ, ಅದೇ ಕಣ್ಣಿನ ಗಾಂಭೀರ್ಯ ಸೂಟಿನ ಮೇಲೂ ಹಾಗೇ ಉಳಿದಿತ್ತು. ಉಡುಪು ಬದಲಾದರೆ ಮನುಷ್ಯ ಬದಲಾಗಬೇಕಿಲ್ಲ ಎಂಬುದಕ್ಕೆ ಆ ಕಾಲದ ಕನ್ನಡಿಗರಿಗೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಸಾಕ್ಷಿ ಬೇಕಿರಲಿಲ್ಲ.

ಹುದ್ದೆಯ ಹೆಸರನ್ನೂ ಗಮನಿಸಬೇಕು. ಬಾಂಡ್‌ನ ಸಂಖ್ಯೆಯಲ್ಲಿರುವ ಎರಡು ಸೊನ್ನೆಗಳು ಕೊಲ್ಲಲು ಸಿಕ್ಕ ಪರವಾನಗಿಯ ಗುರುತು. ಪ್ರಕಾಶನ ಮೂರು ಒಂಬತ್ತುಗಳಿಗೆ ಅಂಥ ಅರ್ಥವಿಲ್ಲ. ಅವನ ಸಂಖ್ಯೆಯ ಮುಂದಿರುವುದು ಸಿ.ಐ.ಡಿ. ಎಂಬ, ಪೇಪರು ಓದುವ ಯಾರಿಗೂ ಗೊತ್ತಿದ್ದ ಪೊಲೀಸ್ ಇಲಾಖೆ. ಅಂದರೆ ಅವನು ಸರ್ಕಾರಿ ನೌಕರ; ಮೇಲಧಿಕಾರಿಯ ಅಪ್ಪಣೆ ಪಡೆದು ಹೊರಡುವವನು, ಕೆಲಸ ಮುಗಿಸಿ ಬಂದು ವರದಿ ಒಪ್ಪಿಸುವವನು. 1960ರ ದಶಕದ ಮಧ್ಯಮ ವರ್ಗದ ಮನೆಗಳಲ್ಲಿ ಸರ್ಕಾರಿ ನೌಕರಿಗೆ ಇದ್ದ ಮರ್ಯಾದೆ, ಅದರ ಮೇಲಿದ್ದ ನಂಬಿಕೆ ಪ್ರಕಾಶನಿಗೂ ಸಿಕ್ಕಿತು. ಬಾಂಡ್ ಒಂದು ಸಾಮ್ರಾಜ್ಯ ಕಳೆದುಕೊಂಡ ದೇಶದ ಹಗಲುಗನಸಾದರೆ, ಪ್ರಕಾಶ್ ಆಗತಾನೇ ಸ್ವತಂತ್ರವಾಗಿ ತನ್ನ ಗಡಿ, ತನ್ನ ಖಜಾನೆ ಕಾಯಲು ಕಲಿಯುತ್ತಿದ್ದ ದೇಶದ ಭರವಸೆ. ಇಬ್ಬರ ಕೈಯಲ್ಲಿ ಇರುವುದು ಒಂದೇ ಬಗೆಯ ಪಿಸ್ತೂಲಾದರೂ ಇಬ್ಬರೂ ಹೊರಡುವ ಊರು ಬೇರೆ, ತಲುಪುವ ಊರೂ ಬೇರೆ.

‘ಜೇಡರ ಬಲೆ’ಯ ಕತೆಯ ಬೀಜ ಬೇರೆ ಲೋಹವನ್ನು ಚಿನ್ನವಾಗಿಸುವ ಸೂತ್ರ. ಅದಕ್ಕಾಗಿ ದುಷ್ಟರು ಹೆಣೆಯುವ ಬಲೆ, ಅದನ್ನು ಹರಿಯಲು ಹೊರಡುವ ಪ್ರಕಾಶ್. ಇಂದು ಕೇಳಿದರೆ ಮಕ್ಕಳ ಕತೆಯಂತೆ ಕಾಣಬಹುದು. ಚಿತ್ರ ಬಂದ ವರ್ಷವನ್ನು ನೆನೆದರೆ ಹಾಗನಿಸುವುದಿಲ್ಲ. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ ಚಿನ್ನ ನಿಯಂತ್ರಣ ನಿಯಮ ಜಾರಿಗೆ ಬಂದಿತ್ತು. 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ ಎಂಬ ಕಟ್ಟಳೆಯಿಂದ ದೇಶದುದ್ದಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡಿದ್ದರು. 1968ರಲ್ಲಿ ಚಿನ್ನ ನಿಯಂತ್ರಣ ಪೂರ್ಣ ಕಾಯಿದೆಯೇ ಆಯಿತು. ಅದು ರದ್ದಾದದ್ದು 1990ರಲ್ಲಿ. ಮದುವೆಗೆ ತಾಳಿ, ಬಳೆ ಮಾಡಿಸಲು ಒದ್ದಾಡುತ್ತಿದ್ದ ಮನೆಗಳ ಜನ ಥಿಯೇಟರಿನಲ್ಲಿ ಕೂತು ಚಿನ್ನದ ಸೂತ್ರದ ಕತೆ ನೋಡಿದರು. ಪಡುವಣ ಕರಾವಳಿಗಂತೂ ಈ ಕತೆ ಇನ್ನೂ ಹತ್ತಿರದ್ದು. ಕೊಲ್ಲಿಯ ಬಂದರುಗಳಿಂದ ಮಚ್ವೆ ದೋಣಿಗಳಲ್ಲಿ ಕಳ್ಳ ಚಿನ್ನ ಬರುತ್ತಿದ್ದ ತೀರ ಇದು. 1951ರಲ್ಲಿ ನೆಹರೂ ಉದ್ಘಾಟಿಸಿದ ಬಜ್ಪೆಯ ವಿಮಾನ ನಿಲ್ದಾಣವೂ ಇಲ್ಲೇ ಇದೆ. ಅಲ್ಲಿ ಕಸ್ಟಮ್ಸ್ ಅಧಿಕಾರಿಗಳು ಚಿನ್ನ ಹಿಡಿದ ಸುದ್ದಿ ಈಗಲೂ ಮಂಗಳೂರಿನ ಪತ್ರಿಕೆಗಳಿಗೆ ಹೊಸತಲ್ಲ. ಚಿನ್ನದ ಆಸೆಗೆ ದೇಶದ ಕಟ್ಟಳೆ ಮುರಿಯುವವರು, ಅವರನ್ನು ತಡೆಯುವ ಒಬ್ಬ ನೌಕರ: ಈ ಕತೆಯನ್ನು ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗ್ ನಮಗೆ ಕಲಿಸಬೇಕಾಗಿರಲಿಲ್ಲ.

ಗೋವಾದ ಮಾತೂ ಹೀಗೆಯೇ. ನಾಲ್ಕೂವರೆ ಶತಮಾನ ಪೋರ್ಚುಗೀಸರ ಕೈಯಲ್ಲಿದ್ದ ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರದೊಂದಿಗೆ ಸೇರಬೇಕೆ ಬೇಡವೆ ಎಂದು ಅಲ್ಲಿಯ ಜನ ಮತ ಹಾಕಿ, ಬೇಡವೆಂದು ತೀರ್ಮಾನಿಸಿದ್ದು 1967ರ ಜನವರಿಯಲ್ಲಿ. ಮರುವರ್ಷವೇ ಕನ್ನಡದ ಗುಪ್ತಚರ ಅಲ್ಲಿಗೆ ಹೋದ. ಬೆಂಗಳೂರು, ಮೈಸೂರಿನ ಪ್ರೇಕ್ಷಕರಿಗೆ ಗೋವಾ ಎಂದರೆ ಸಮುದ್ರ, ತೆಂಗು, ಪರದೇಶದ ಸೊಗಡು. ಮಂಗಳೂರಿನವರಿಗೆ ಅದು ನೆಂಟರ ಊರು. ಇಲ್ಲಿಯ ಗೌಡ ಸಾರಸ್ವತರೂ ಕೊಂಕಣಿ ಕ್ರೈಸ್ತರೂ ತಮ್ಮ ಹಿರಿಯರು ಗೋವೆಯಿಂದ ಬಂದ ಕತೆಯನ್ನು ಮನೆಮನೆಯಲ್ಲಿ ಹೇಳಿಕೊಂಡು ಬಂದವರು. ಬಾಂಡ್ ಜಮೈಕಾಕ್ಕೆ ಹೋದಂತೆ ನಮ್ಮವರು ಗೋವೆಗೆ ಹೋದರು ಎಂದು ಹೋಲಿಸುವುದು ಸುಲಭ. ಆದರೆ ಜಮೈಕಾ ಬಾಂಡ್‌ಗೆ ಆಳಿದವರ ವಿಹಾರತಾಣ. ಗೋವಾ ನಮಗೆ ಈಗಷ್ಟೇ ಮನೆಗೆ ಮರಳಿದ ಬಂಧು. ಹೊಸದಾಗಿ ದೇಶ ಸೇರಿದ ನೆಲದಲ್ಲಿ ದೇಶದ ಕಾವಲುಗಾರ ಓಡಾಡುವ ಚಿತ್ರಕ್ಕೆ, ನಿರ್ದೇಶಕರು ಉದ್ದೇಶಿಸಿದ್ದರೋ ಇಲ್ಲವೋ, ಒಂದು ತೂಕ ತಾನಾಗಿ ಬಂದಿತ್ತು.

ಈಗ ಭಾಷೆಗೆ ಬರೋಣ. ನನ್ನ ವಾದದ ನಡುಗಂಬವೇ ಅದು. 1956ರವರೆಗೆ ಮದ್ರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಶಾಲೆಯದು, ಕಚೇರಿಯದು, ಯಕ್ಷಗಾನದ್ದು. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ಅಲ್ಲಿಯವರೆಗೆ ಈ ಸೀಮೆಯವರು ತಮ್ಮ ರಾಜ್ಯದ ಚಿತ್ರ ನೋಡಬೇಕೆಂದರೆ ಕನ್ನಡವನ್ನೇ ನೋಡಬೇಕಿತ್ತು. ಪ್ರಕಾಶ್ ಬರುವವರೆಗೆ ತೆರೆಯಲ್ಲಿ ಕೇಳಿದ ಗಟ್ಟಿ ಕನ್ನಡ ಬಹುಪಾಲು ಪುರಾಣದ್ದು, ಚರಿತ್ರೆಯದು. ಪ್ರಕಾಶನ ಬಾಯಲ್ಲಿ ಅದೇ ಕನ್ನಡ ಹೋಟೆಲಿನ ಮೊಗಸಾಲೆಗೆ, ಟೆಲಿಫೋನಿಗೆ, ಕಾರಿಗೆ ಬಂತು. ಇಲ್ಲಿ ಒಂದು ಕ್ಷಣ ನಿಂತು ಕಿವಿಗೊಡಬೇಕು. ರಾಜ್‌ಕುಮಾರ್ ಸೂಟಿನಲ್ಲಿದ್ದಾಗಲೂ ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುವುದಿಲ್ಲ, ಒತ್ತಕ್ಷರವನ್ನು ನುಂಗುವುದಿಲ್ಲ, ವಾಕ್ಯದ ಕೊನೆಯ ಕ್ರಿಯಾಪದವನ್ನು ಪೂರ್ತಿ ಆಡಿಯೇ ಮುಂದಿನ ಮಾತಿಗೆ ಹೋಗುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಪಳಗಿದ ನಾಲಿಗೆ ಅದು. ಖಳನ ಎದುರು ನಿಂತು ಸವಾಲು ಹಾಕುವಾಗ ಆ ಸ್ಪಷ್ಟತೆಯೇ ಪಿಸ್ತೂಲಿಗಿಂತ ಹರಿತವಾಗಿ ಕೆಲಸ ಮಾಡುತ್ತದೆ. ಕೋಟು ತೊಟ್ಟವರು ಇಂಗ್ಲಿಷ್ ಬೆರೆಸಿ ಮಾತಾಡಿದರೇ ಮರ್ಯಾದೆ ಎಂದು ನಂಬಿದ್ದ ಕಾಲದಲ್ಲಿ ಕೋಟು ತೊಟ್ಟು ಅಚ್ಚ ಕನ್ನಡ ಆಡಿದ ನಾಯಕನನ್ನು ಜನ ಕಂಡರು.

ನಕಲು ಎಂಬ ಆಕ್ಷೇಪಕ್ಕೆ ಈಗ ನೇರವಾಗಿ ಉತ್ತರಿಸಬಹುದು. ಸಂಖ್ಯೆ, ಸೂಟು, ಕ್ಲಬ್ಬಿನ ಕುಣಿತ, ಖಳನ ಗುಪ್ತ ಅಡ್ಡೆ ಇವೆಲ್ಲ ಬಾಂಡ್‌ನಿಂದ ಬಂದವು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ವೇಷ ಮರೆಸಿಕೊಂಡು ಸತ್ಯ ಹುಡುಕುವ ನಾಯಕ ನಮಗೆ ಹೊರಗಿನವನಲ್ಲ. ರಾತ್ರಿ ಮಾರುವೇಷದಲ್ಲಿ ಊರು ಸುತ್ತಿ ಪ್ರಜೆಗಳ ಕಷ್ಟ ಅರಿಯುವ ಅರಸನ ಕತೆಗಳು ನಮ್ಮ ಅಜ್ಜಿಯರ ಬಾಯಲ್ಲಿದ್ದವು. ಅಜ್ಞಾತವಾಸದ ಪಾಂಡವರು ವಿರಾಟನ ಅರಮನೆಯಲ್ಲಿ ಅಡುಗೆಯವನಾಗಿ, ನಾಟ್ಯಗುರುವಾಗಿ ದುಡಿದದ್ದನ್ನು ಕರಾವಳಿಯ ಜನ ಬಯಲಾಟದಲ್ಲಿ ಬೆಳಗಿನವರೆಗೆ ಕೂತು ನೋಡಿದವರು. ಬಣ್ಣ ಹಚ್ಚಿ ಕಿರೀಟ ಕಟ್ಟಿದ ಕಲಾವಿದನನ್ನು ಯಕ್ಷಗಾನದ ಪ್ರೇಕ್ಷಕ ಅಳೆಯುವುದು ವೇಷದ ಝಗಮಗದಿಂದಲ್ಲ, ಆ ವೇಷದೊಳಗೆ ಪಾತ್ರದ ಮರ್ಯಾದೆ ಉಳಿಯಿತೇ ಎಂಬುದರಿಂದ. ಪ್ರಕಾಶನನ್ನೂ ಅದೇ ಅಳತೆಯಲ್ಲಿ ನೋಡಿದರು, ಅವನು ಗೆದ್ದ. ಕತೆ, ರಾಗ, ಛಂದಸ್ಸು ಯಾವುದೂ ಪರರಿಂದ ಬರದೆ ಬೆಳೆದ ಕಲೆ ಲೋಕದಲ್ಲಿಲ್ಲ. ಪಡೆದುದನ್ನು ತನ್ನ ನೆಲದ ಪ್ರಶ್ನೆಗಳಿಗೆ ಒಗ್ಗಿಸಿಕೊಂಡಿತೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಚಿನ್ನ, ಗೋವಾ, ಸರ್ಕಾರಿ ನೌಕರ, ಅಚ್ಚ ಕನ್ನಡ ಇವೆಲ್ಲ ಆ ಪ್ರಶ್ನೆಗೆ ಹೌದೆಂಬ ಉತ್ತರ.

ಎರಡನೆಯ ಆಕ್ಷೇಪ ಬಡತನದ್ದು. ಬಾಂಡ್‌ಗೆ ಬಣ್ಣವಿತ್ತು, ವಿಮಾನ, ಜಲಾಂತರ್ಗಾಮಿಗಳಿದ್ದವು. ನಮ್ಮ ಮೊದಲ ಮೂರು ಚಿತ್ರಗಳು ಕಪ್ಪು-ಬಿಳುಪು. ಕನ್ನಡ ಚಿತ್ರರಂಗ ಆಗಿನ್ನೂ ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳನ್ನು ನಂಬಿ ಬದುಕಿತ್ತು; ಮಾರುಕಟ್ಟೆ ಚಿಕ್ಕದು, ಹಣ ಕಡಿಮೆ. ಖಳನ ಯಂತ್ರಗಳು ಆಟಿಕೆಯಂತೆ ಕಾಣುತ್ತವೆ ಎಂಬುದು ನಿಜ. ಆದರೆ ಈ ಕೊರತೆಯನ್ನು ತುಂಬಿದ ಎರಡು ಕಸುಬುಗಳಿವೆ. ದೊರೈರಾಜ್ ಮೂಲತಃ ಛಾಯಾಗ್ರಾಹಕರು. ಕಪ್ಪು-ಬಿಳುಪಿನಲ್ಲಿ ಕತ್ತಲನ್ನು ಹೇಗೆ ದುಡಿಸಿಕೊಳ್ಳಬೇಕೆಂದು ಬಲ್ಲವರು. ಮುಖದ ಅರ್ಧ ನೆರಳಲ್ಲಿದ್ದರೆ ಸಾಕು, ಅನುಮಾನ ತಾನಾಗಿ ಹುಟ್ಟುತ್ತದೆ. ಅದಕ್ಕೆ ದುಬಾರಿ ಸೆಟ್ ಬೇಕಿಲ್ಲ. ಇನ್ನೊಂದು ಜಿ.ಕೆ. ವೆಂಕಟೇಶ್ ಅವರ ಸಂಗೀತ. ಗಿಟಾರು, ಡ್ರಮ್ಮು, ತುತ್ತೂರಿಗಳನ್ನು ಅವರು ಕನ್ನಡದ ಹಾಡಿಗೆ ಕೂರಿಸಿದ ರೀತಿ ಅಂದಿನ ಕಿವಿಗೆ ಹೊಸದು. ಈ ಚಿತ್ರಗಳಿಗೆ ವೇಗ ಬರುವುದು ಬಹುಪಾಲು ಅವರ ವಾದ್ಯವೃಂದದಿಂದ. ಹಣವಿದ್ದವರು ಯಂತ್ರ ತೋರಿಸಿದರು, ಇಲ್ಲದವರು ಬೆಳಕು ಮತ್ತು ಸದ್ದನ್ನು ನಂಬಿದರು. ಎರಡನೆಯದು ಕಲೆಯ ದೃಷ್ಟಿಯಿಂದ ಕಡಿಮೆಯದಲ್ಲ.

ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಅಲ್ಲಗಳೆಯಲಾರೆ. ಹೆಣ್ಣಿನ ಪಾತ್ರಗಳ ವಿಷಯದಲ್ಲಿ ಈ ಸರಣಿ ಬಾಂಡ್ ಹಾಕಿದ ಗೆರೆಯನ್ನು ಹೆಚ್ಚೇನೂ ದಾಟಲಿಲ್ಲ. ‘ಜೇಡರ ಬಲೆ’ಯಲ್ಲಿ ಜಯಂತಿಯವರಿದ್ದರು. ಎಂಥ ಪಾತ್ರದಲ್ಲೂ ತಮ್ಮ ಕಣ್ಣಿನ ಚೂಪಿನಿಂದ ಜಾಗ ಗಿಟ್ಟಿಸಿಕೊಳ್ಳುವ ಕಲಾವಿದೆ ಅವರು. ನಂತರದ ಚಿತ್ರಗಳಲ್ಲಿ ನಾಯಕಿಯ ಪಾತ್ರಕ್ಕೆ ಅಷ್ಟು ಆಸರೆಯೂ ಇಲ್ಲ. ಲಕ್ಷ್ಮಿ ‘ಗೋವಾದಲ್ಲಿ ಸಿ.ಐ.ಡಿ. 999’ರಿಂದ ಕನ್ನಡಕ್ಕೆ ಬಂದರು. ಮುಂದೆ ಹಿಂದಿಯ ಮಹಾತಾರೆಯಾದ ರೇಖಾ ನಾಯಕಿಯಾಗಿ ಮೊದಲು ಕಂಡದ್ದು ‘ಆಪರೇಷನ್ ಜಾಕ್‌ಪಾಟ್’ನಲ್ಲಿ. ಇಬ್ಬರನ್ನೂ ಪರಿಚಯಿಸಿದ ಹೆಮ್ಮೆ ಕನ್ನಡದ್ದು ಎಂದು ನಾವು ಹೇಳಿಕೊಳ್ಳುತ್ತೇವೆ. ಇಬ್ಬರೂ ಆಗ ಇನ್ನೂ ಹದಿಹರೆಯದ ಹುಡುಗಿಯರು, ನಾಯಕನಿಗೆ ನಲವತ್ತರ ಹತ್ತಿರ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಅದು ಆ ಕಾಲದ ಇಡೀ ಚಿತ್ರರಂಗದ ರೂಢಿ ಎಂದರೆ ಕಾರಣ ಕೊಟ್ಟಂತಾಯಿತೇ ಹೊರತು ಸಮರ್ಥನೆಯಾಗಲಿಲ್ಲ. ಆಧುನಿಕ ಕನ್ನಡಿಗನನ್ನು ಕಟ್ಟಿದ ಸರಣಿ ಆಧುನಿಕ ಕನ್ನಡತಿಯನ್ನು ಕಟ್ಟಲಿಲ್ಲ. ಆ ಕೆಲಸವನ್ನು ತ್ರಿವೇಣಿಯಂಥ ಲೇಖಕಿಯರ ಕಾದಂಬರಿಗಳೂ ಅವುಗಳನ್ನು ಆಧರಿಸಿದ ಚಿತ್ರಗಳೂ ಮಾಡಬೇಕಾಯಿತು.

ಒಂಬತ್ತು ವರ್ಷಗಳ ಬಿಡುವಿನ ಬಳಿಕ ಬಂದ ‘ಆಪರೇಷನ್ ಡೈಮಂಡ್ ರಾಕೆಟ್’ ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಪುರಾವೆ. ಮೊದಲ ಮೂರು ಚಿತ್ರಗಳು ತೆರೆಕಂಡದ್ದು ಮೈಸೂರು ರಾಜ್ಯದಲ್ಲಿ. ನಾಲ್ಕನೆಯದು ಬರುವಷ್ಟರಲ್ಲಿ ರಾಜ್ಯದ ಹೆಸರು ಕರ್ನಾಟಕವಾಗಿತ್ತು. ಚಿತ್ರಕ್ಕೆ ಬಣ್ಣ ಬಂದಿತ್ತು, ನೇಪಾಳದಲ್ಲಿ ಚಿತ್ರೀಕರಣ ನಡೆದಿತ್ತು, ಪದ್ಮಪ್ರಿಯ ನಾಯಕಿಯಾಗಿದ್ದರು. ಕಳ್ಳಸಾಗಣೆ ತಡೆಯಲು 1974ರಲ್ಲಿ ಬಂದ ಕಾಫಿಪೋಸಾ ಕಾಯಿದೆಯ ಹೆಸರು ಜನರ ಬಾಯಲ್ಲಿದ್ದ ಕಾಲದಲ್ಲಿ ಕತೆ ವಜ್ರದ ಹಿಂದೆ ಹೋಯಿತು. ದೊಡ್ಡ ಬದಲಾವಣೆ ದನಿಯದು. ಹಿಂದೆ ರಾಜ್‌ಕುಮಾರ್‌ಗೆ ಹಾಡಿನ ದನಿ ಎಂದರೆ ಪಿ.ಬಿ. ಶ್ರೀನಿವಾಸ್, 1974ರ ‘ಸಂಪತ್ತಿಗೆ ಸವಾಲ್’ನ ನಂತರ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಈ ಚಿತ್ರದಲ್ಲಿ ಇಂಗ್ಲಿಷ್ ಹಾಡೊಂದನ್ನು ಹಾಡಿದರು. ನಲ್ಲೆಯೊಂದಿಗೆ ಭೇಟಿಯ ವೇಳೆ ಗೊತ್ತುಮಾಡುವ ಹಾಡು ಅದು. ಹಿಂದಿನಿಂದ ಗಡಿಯಾರದ ಟಿಕ್ ಟಿಕ್. ಇಂದಿನ ಮಕ್ಕಳು ಮೊಬೈಲಿನಲ್ಲಿ ಅದನ್ನು ಕಂಡು ನಗುತ್ತಾರೆ. ನಗುವ ಮುನ್ನ ಗಮನವಿಟ್ಟು ಕೇಳಬೇಕು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ, ಗಾಜನೂರಿನಿಂದ ಬಂದ ಕಲಾವಿದ ಪ್ರತಿ ಇಂಗ್ಲಿಷ್ ಪದವನ್ನೂ ಬಿಡಿಬಿಡಿಯಾಗಿ, ತುಂಬು ಉಚ್ಚಾರದಲ್ಲಿ, ಯಾವ ಅಳುಕೂ ಇಲ್ಲದೆ ಹಾಡುತ್ತಾರೆ. ಸಾಹೇಬರ ಮೂಗಿನ ದನಿಯನ್ನು ಅನುಕರಿಸುವುದಿಲ್ಲ, ಶ್ರುತಿ ತಪ್ಪುವುದಿಲ್ಲ. ಇಂಗ್ಲಿಷನ್ನು ಒಂದು ರಾಗವನ್ನು ಹಾಡುವಷ್ಟೇ ಸಹಜವಾಗಿ, ತಮ್ಮ ಗಂಟಲಿನಿಂದಲೇ ಹಾಡುತ್ತಾರೆ. ನಾಲ್ಕು ವರ್ಷಗಳ ನಂತರ, 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬ ಗೋಕಾಕ್ ಚಳವಳಿಯ ಮುಂದಾಳಾದವರೂ ಇವರೇ. ಇವೆರಡರಲ್ಲಿ ವಿರೋಧವೇನೂ ಇಲ್ಲ. ಪರಭಾಷೆಗೆ ಅಂಜದವನೇ ತನ್ನ ಭಾಷೆಗೆ ಮೊದಲ ಮಣೆ ಕೇಳಬಲ್ಲ.

ಅಷ್ಟು ಮುಖ್ಯವಾದ ಸರಣಿ ನಾಲ್ಕಕ್ಕೇ ನಿಂತದ್ದೇಕೆ ಎಂಬುದು ಕೊನೆಯ ಪ್ರಶ್ನೆ. ದೊರೈ-ಭಗವಾನ್ ಎಂಬ ಜೋಡಿ ಹೆಸರು ಮೊದಲು ಬಂದದ್ದು ‘ಜೇಡರ ಬಲೆ’ಯಲ್ಲಿ. ಅದೇ ಜೋಡಿ ಮುಂದೆ ‘ಕಸ್ತೂರಿ ನಿವಾಸ’ದಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿಯನ್ನು, ‘ಎರಡು ಕನಸು’ ಚಿತ್ರದಲ್ಲಿ ಕಾಲೇಜಿನ ಉಪನ್ಯಾಸಕನನ್ನು ತೆರೆಗೆ ತಂದಿತು, ‘ಬಯಲು ದಾರಿ’, ‘ಹೊಸ ಬೆಳಕು’ ಎಂದು ಕಾದಂಬರಿಗಳ ದಾರಿ ಹಿಡಿಯಿತು. ಸೂಟು ತೊಟ್ಟು, ಓದಿಕೊಂಡು, ಕಾರು ಓಡಿಸುತ್ತಲೇ ಕನ್ನಡದಲ್ಲಿ ಪ್ರೀತಿಸುವ, ಕನ್ನಡದಲ್ಲಿ ನೋಯುವ ನಾಯಕನನ್ನು ಎಪ್ಪತ್ತರ ದಶಕದ ಜನ ಎರಡನೇ ಮಾತಿಲ್ಲದೆ ಒಪ್ಪಿದರು. ಆ ಒಪ್ಪಿಗೆಗೆ ಮೊದಲು ನೆಲ ಉತ್ತದ್ದು ಪ್ರಕಾಶ್. ಸರಣಿ ನಿಂತದ್ದು ಸೋತಿದ್ದರಿಂದಲ್ಲ. ಅದು ಕಟ್ಟಿಕೊಟ್ಟ ನಾಯಕ ಪಿಸ್ತೂಲು ಕೆಳಗಿಟ್ಟು ಬೇರೆ ಕತೆಗಳಿಗೆ ನಡೆದಿದ್ದರಿಂದ.

ಜಯಂತಿಯವರು 2021ರಲ್ಲಿ, ಭಗವಾನ್ ಅವರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಕಾಲವನ್ನು ಕಂಡು ಹೇಳಬಲ್ಲವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ನಾಲ್ಕೂ ಚಿತ್ರಗಳ ಉತ್ತಮ ಪ್ರತಿಗಳನ್ನು ಹುಡುಕಿ, ಚಿತ್ರವನ್ನೂ ಧ್ವನಿಯನ್ನೂ ಶುದ್ಧಗೊಳಿಸಿ, ಬಂದ ಕ್ರಮದಲ್ಲೇ ಮತ್ತೆ ತೆರೆಯ ಮೇಲೆ ತರುವ ಕೆಲಸವನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಕೈಗೆತ್ತಿಕೊಳ್ಳಬೇಕು. ಬೆಂಗಳೂರಿನ ಉತ್ಸವದಲ್ಲಿ ಒಮ್ಮೆ ತೋರಿಸಿ ಮುಗಿಸದೆ ಮಂಗಳೂರು, ಹುಬ್ಬಳ್ಳಿ, ಕಲಬುರಗಿಗಳಿಗೂ ಒಯ್ಯಬೇಕು. ಅಲ್ಲಿಯವರೆಗೆ ಓದುಗರಲ್ಲಿ ನನ್ನದು ಒಂದೇ ಕೋರಿಕೆ: ಮನೆಯ ಮಕ್ಕಳು ಆ ಇಂಗ್ಲಿಷ್ ಹಾಡನ್ನು ಹಾಕಿ ನಕ್ಕಾಗ ತಡೆಯಬೇಡಿ, ಪಕ್ಕದಲ್ಲಿ ಕೂತು ‘ಜೇಡರ ಬಲೆ’ಯನ್ನೂ ಪೂರ್ತಿ ತೋರಿಸಿ.